ಸ್ಟಾಫ್ ಬಸ್ಸಿನಲ್ಲಿ ಶುರುವಾದ ಕಾದಂಬರಿ

ಒಂಬತ್ತು ವರ್ಷ ನಾನು ಒಂದು ಕಾದಂಬರಿಗೆ ಸಿದ್ಧತೆ ಮಾಡಿಕೊಂಡೆ. ಐದು ನೋಟ್‌ಬುಕ್ ತುಂಬಿದ್ದವು. ಒಂದರಲ್ಲಿ ನಾನೇ ಕಟ್ಟಿದ ಊರಿನ ನಕಾಶೆ: ಸಂಡೂರಿನ ಗುಡ್ಡದ ಬುಡದಲ್ಲಿ ಒಂದು ಓಣಿ, ಎರಡು ಬಾವಿ, ಯಾರ ಮನೆಯ ಬಾಗಿಲು ಯಾವ ದಿಕ್ಕಿಗೆ ಅನ್ನುವುದೂ ಸೇರಿ. ಇನ್ನೊಂದರಲ್ಲಿ ನಾಲ್ಕು ತಲೆಮಾರಿನ ವಂಶವೃಕ್ಷ. ಕೈಯಿಂದಲೇ ಅದಿರು ಒಡೆದು ಬುಟ್ಟಿಯಲ್ಲಿ ಹೊರುತ್ತಿದ್ದ ಕಾಲದ ಒಬ್ಬ ಹೆಂಗಸು ನನ್ನ ನಾಯಕಿ. ಅವಳ ಬಗ್ಗೆಯೇ ನಲವತ್ತು ಪುಟ ಬರೆದಿಟ್ಟಿದ್ದೆ. ಕಾದಂಬರಿಯ ಮೊದಲ ಸಾಲು ಮಾತ್ರ ಎಲ್ಲೂ ಇರಲಿಲ್ಲ.

ಈ ಅಂಜಿಕೆ ಕಾಲೇಜಿನಲ್ಲೇ ಹತ್ತಿಕೊಂಡಿತ್ತು. ಹೊಸಪೇಟೆಯಲ್ಲಿ ಓದುತ್ತಿದ್ದಾಗ ಗಣಿಯ ಮೇಲೊಂದು ಕಥೆ ಬರೆದು ತರಗತಿಯಲ್ಲಿ ಓದಿದ್ದೆ. ಅದರಲ್ಲಿ ಆಳುಗಳು ತಲೆಗೆ ದೀಪ ಕಟ್ಟಿಕೊಂಡು ಸುರಂಗಕ್ಕೆ ಇಳಿಯುತ್ತಿದ್ದರು. ಸಂಡೂರಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು, ನಮ್ಮ ಕಡೆ ಗುಡ್ಡ ಕಡಿಯುತ್ತಾರೆ, ಸುರಂಗ ಎಲ್ಲಿಂದ ಬಂತು ಎಂದು ಕೇಳಿದಳು. ಇಡೀ ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ಅವತ್ತು ನಾನು ಮಾಡಿಕೊಂಡ ನಿರ್ಧಾರ ಒಂದೇ: ಎಲ್ಲವೂ ಗೊತ್ತಾಗುವ ತನಕ ಒಂದಕ್ಷರ ಬರೆಯಬಾರದು.

ಮುಂದೆ ದೋಣಿಮಲೈಯಲ್ಲಿ ಅದಿರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅದಿರನ್ನು ಒಣಗಿಸಿ, ಅರೆದು, ತೂಗಿ, ಮತ್ತೊಮ್ಮೆ ತೂಗಿ, ಆಮೇಲಷ್ಟೇ ಫಲಿತಾಂಶ ಬರೆಯುವ ಕೆಲಸ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಗಣಿಯ ಬಗ್ಗೆ ತಿಳಿದಷ್ಟೂ ತಿಳಿಯದ್ದು ಹೆಚ್ಚುತ್ತಾ ಹೋಯಿತು. ನೋಟ್‌ಬುಕ್ಕುಗಳೂ ಹೆಚ್ಚಿದವು.

ಹೊಸಪೇಟೆಯಿಂದ ಹೊರಡುವ ಸ್ಟಾಫ್ ಬಸ್ಸಿನಲ್ಲಿ ದಿನವೂ ನನ್ನ ಪಕ್ಕ ಕೂರುತ್ತಿದ್ದವರು ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅಕ್ಕ. ಐವತ್ತೈದು ದಾಟಿದ ಹೆಂಗಸು. ಹತ್ತಿದ ಕೂಡಲೇ ಸೆರಗು ಮುಖಕ್ಕೆಳೆದು ನಿದ್ದೆ ಮಾಡುವವರು. ಎರಡು ವರ್ಷ ನಮ್ಮಿಬ್ಬರ ನಡುವೆ ಊಟ ಆಯಿತಾ, ಬಿಸಿಲು ಜೋರಾಯಿತು ಎನ್ನುವುದಕ್ಕಿಂತ ಹೆಚ್ಚಿನ ಮಾತು ನಡೆದಿರಲಿಲ್ಲ.

ಒಂದು ಬೆಳಿಗ್ಗೆ ಘಾಟಿಯಲ್ಲಿ ಲಾರಿಯೊಂದು ಕೆಟ್ಟು ಅಡ್ಡ ನಿಂತಿತು. ಬಸ್ಸು ಕದಲುವಂತಿರಲಿಲ್ಲ. ನಾನು ನಕಾಶೆಯಲ್ಲಿ ಒಂದು ಬಾವಿಯನ್ನು ಅಳಿಸಿ ಓಣಿಯ ಆಚೆ ತುದಿಗೆ ಹಾಕುತ್ತಿದ್ದೆ. ಎಚ್ಚರವಾಗಿದ್ದ ಅಕ್ಕ, ಅದೇನು ದಿನಾ ಬರೆಯುತ್ತೀರಿ ಎಂದು ಕೇಳಿದರು. ಕಾದಂಬರಿ ಎಂದೆ. ಹಾಗಾದರೆ ಹೇಳಿ, ಹೊತ್ತು ಹೋಗಲಿ ಎಂದರು. ಅರ್ಧ ಗಂಟೆ ಹೇಳಿದೆ. ಊರು, ವಂಶ, ನಾಯಕಿಯ ಹುಟ್ಟು, ಅವಳಿಗೆ ಆಗದವರು, ಕಾದಂಬರಿಯ ನಾಲ್ಕು ಭಾಗಗಳು. ಅವರು ತಾಳ್ಮೆಯಿಂದ ಕೇಳಿದರು.

"ಎಲ್ಲಾ ಛಲೋ ಐತ್ರಿ ಮೇಡಂ. ಆದ್ರ ಆಕಿಗೇನಾತು?"

ಅದಿನ್ನೂ ತೀರ್ಮಾನವಾಗಿಲ್ಲ ಎಂದೆ.

"ಒಂದಿನ ಮುಂಜಾನೆ ಎದ್ಲು ಅಂದ್ಕೋರಿ. ಎದ್ದು ಏನ್ ಮಾಡ್ತಾಳ?"

ನೋಟ್‌ಬುಕ್ ತಿರುವಿದೆ. ನಲವತ್ತು ಪುಟಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾಚಿಕೆಗೆ ಏನಾದರೂ ಹೇಳಲೇಬೇಕಿತ್ತು. ಬಾಗಿಲು ತೆಗೆದು ನೋಡುತ್ತಾಳೆ, ಹೊರಗಿಟ್ಟಿದ್ದ ಅದಿರು ಹೊರುವ ಬುಟ್ಟಿ ಇಲ್ಲ ಎಂದುಬಿಟ್ಟೆ. ಹಾಗೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

"ಯಾರ್ ಒಯ್ದ್ರು?" ಎಂದರು. ಗೊತ್ತಿಲ್ಲ ಎಂದೆ. ನಾಳೆ ಹೇಳಿ ಎಂದು ಸೆರಗು ಮುಖಕ್ಕೆಳೆದುಕೊಂಡರು.

ಅವತ್ತು ಊಟದ ಬಿಡುವಿನಲ್ಲಿ, ಮರುದಿನ ಹೇಳಲು ಏನಾದರೂ ಬೇಕಲ್ಲ ಎಂದು ಒಂದು ಪುಟ ಬರೆದೆ. ಕೆಟ್ಟದಾಗಿತ್ತು. ಆದರೂ ಬಸ್ಸಿನಲ್ಲಿ ಓದಿದೆ. ಬುಟ್ಟಿ ಒಯ್ದವಳು ಪಕ್ಕದ ಮನೆಯ ಗೆಳತಿಯೇ ಎಂದು ಗೊತ್ತಾದಾಗ ಅಕ್ಕ ನಿಟ್ಟುಸಿರು ಬಿಟ್ಟರು. ಆಮೇಲೆ ದಿನಕ್ಕೊಂದು ಪುಟ. ಪುಟವಿಲ್ಲದೆ ಬಂದ ದಿನ ಅವರು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ಅದನ್ನು ತಡೆಯಲಾಗದೆ ನಾನು ಎಷ್ಟೋ ಪುಟ ಬರೆದಿದ್ದೇನೆ.

ಒಂದು ದಿನ ನಾಯಕಿ ಬರಿತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ನಡೆದಳೆಂದು ಓದಿದೆ. ಅಕ್ಕ ನಡುವೆ ತಡೆದು, ಸಿಂಬಿ ಇಲ್ಲದೆ ಹೆಂಗೆ ಹೊರುತ್ತಾಳೆ, ನೆತ್ತಿ ಸುಲಿದುಹೋಗುತ್ತದೆ ಎಂದರು. ಹಳೆಯ ಸೀರೆ ಸುತ್ತಿ ಮಾಡಿದ ಸಿಂಬಿಯೂ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ತೊಯ್ದು ಕಲ್ಲಾಗುತ್ತಿತ್ತಂತೆ. ನಿಮಗೆ ಹೇಗೆ ಗೊತ್ತು ಎಂದೆ. ಮದುವೆಗೆ ಮುಂಚೆ ಆರು ವರ್ಷ ತಾನೂ ಅದಿರು ಹೊತ್ತಿದ್ದೆ ಎಂದರು, ನಿನ್ನೆಯ ಸಾರಿನ ಬಗ್ಗೆ ಹೇಳುವ ಹಾಗೆ.

ಯಾರ್ಯಾರನ್ನೋ ಹುಡುಕಿ ಕೇಳಿದ್ದೆ, ಏನೇನೋ ಓದಿದ್ದೆ, ಪಕ್ಕದಲ್ಲಿ ಕೂತವರನ್ನು ಮಾತ್ರ ಕೇಳಿರಲಿಲ್ಲ. ಅವಸರದಿಂದ ಪೆನ್ನು ತೆಗೆದೆ. ಎಷ್ಟು ಹೊತ್ತಿಗೆ ಹೋಗುತ್ತಿದ್ದಿರಿ, ಸುತ್ತಿಗೆ ಎಷ್ಟು ಭಾರ, ಯಾರ ಜೊತೆ ಎಂದು ಒಂದೇ ಸಮನೆ ಕೇಳತೊಡಗಿದೆ. ಅವರು ನನ್ನ ಕೈಮೇಲೆ ಕೈಯಿಟ್ಟರು.

"ಬರ್ಕೊಂಬ್ಯಾಡ್ರಿ ಮೇಡಂ. ನಂದು ಆಗಿ ಹೋತು. ಆಕಿದು ಹೇಳ್ರಿ."

ಪೆನ್ನು ಒಳಗಿಟ್ಟು ಹೇಳಿದೆ. ನಕಾಶೆಯ ಎರಡೂ ಬಾವಿ ಕಾದಂಬರಿಯೊಳಗೆ ಬರಲೇ ಇಲ್ಲ. ನಾಲ್ಕು ತಲೆಮಾರಿನಲ್ಲಿ ಉಳಿದದ್ದು ಒಂದೇ. ತಪ್ಪುಗಳು ಬೇಕಾದಷ್ಟಿದ್ದವು. ಅಕ್ಕ ಕೆಲವನ್ನು ಹಿಡಿದರು, ಕೆಲವನ್ನು ಬಿಟ್ಟರು. ತಪ್ಪು ಹಿಡಿದಾಗಲೂ ಕಥೆ ನಿಲ್ಲುತ್ತಿರಲಿಲ್ಲ ಎನ್ನುವುದು ನನಗೆ ಹೊಸದು.

ಮುಗಿಯುವ ಮೊದಲೇ ಅವರು ನಿವೃತ್ತರಾಗಿ ಕಂಪ್ಲಿ ಹತ್ತಿರದ ಮೆಟ್ರಿಗೆ, ತಂಗಿಯ ಮನೆಗೆ ಹೋದರು. ಕೊನೆಯ ಅಧ್ಯಾಯ ಬರೆದ ಮೇಲೆ ಒಂದು ಭಾನುವಾರ ಕಂಪ್ಲಿ ಬಸ್ಸು ಹತ್ತಿ ಹೋದೆ. ಅಂಗಳದಲ್ಲಿ ಭತ್ತ ಒಣಹಾಕಿದ್ದರು. ನಾನು ಓದುತ್ತಿದ್ದರೆ ಅವರು ಕಾಲಿನಿಂದ ಭತ್ತ ಕೆದರುತ್ತಾ ಕೇಳಿದರು. ಕೊನೆಯಲ್ಲಿ ನಾಯಕಿ ಗೆಳತಿಯನ್ನು ಕ್ಷಮಿಸುವುದಿಲ್ಲ, ಆದರೆ ಮಾತಾಡಿಸದೆಯೇ ಅವಳ ಜೊತೆ ಕೆಲಸಕ್ಕೆ ಹೋಗುತ್ತಾಳೆ.

ಅಕ್ಕ ಭತ್ತ ಕೆದರುವುದನ್ನು ನಿಲ್ಲಿಸಿ, ತಾನಾಗಿದ್ದರೆ ಮಾತಾಡಿಸಿಬಿಡುತ್ತಿದ್ದೆ ಎಂದರು. ಹಾಗಾದರೆ ಬದಲಿಸಲಾ ಎಂದೆ.

"ಬ್ಯಾಡ್ರಿ. ಆಕಿ ನನ್ನಂಗಿಲ್ಲ" ಎಂದು ರೊಟ್ಟಿ ಬಡಿಯಲು ಒಳಗೆ ಹೋದರು.

ನಾನು ಅದನ್ನು ಬದಲಿಸಲಿಲ್ಲ.