ಹುಳಿಯಿಲ್ಲದ ಕೆಸು

ಜೋಗದ ಪವರ್ ಹೌಸಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟರ್ಬೈನ್ ನೋಡಿಕೊಂಡವನು ನಾನು. ನಿವೃತ್ತನಾಗಿ ಸಾಗರಕ್ಕೆ ಬಂದ ಮೇಲೆ ಅಡುಗೆ ಕಲಿತೆ. ಅಷ್ಟು ದೊಡ್ಡ ಯಂತ್ರವನ್ನು ಅಂಕೆಯಲ್ಲಿಟ್ಟವನಿಗೆ ಒಂದು ಕುಕ್ಕರ್ ಯಾವ ಮಹಾ ಎಂಬ ಧಿಮಾಕು ಆಗ ಇತ್ತು. ಈಗ ಇಲ್ಲ. ಅದು ಹೇಗೆ ಹೋಯಿತು ಎಂದು ಹೇಳಿದರೆ ನನ್ನ ಮಾನವೇ ಹೋಗುತ್ತದೆ, ಆದರೆ ಅರ್ಧ ಸಾಗರಕ್ಕೆ ಗೊತ್ತಿರುವುದನ್ನು ಬಚ್ಚಿಟ್ಟು ಮಾಡುವುದೇನು.

ನಿವೃತ್ತರಿಗೆ ಬರುವ ಇನ್ನೊಂದು ಕಾಯಿಲೆ ಸಮಾಜಸೇವೆ. ನನಗೂ ಬಂತು. ಊರಿನ ಕೆಲವರು ಸೇರಿ ಒಂದು ಕೂಟ ಕಟ್ಟಿಕೊಂಡೆವು. ಹೊಸನಗರ, ತೀರ್ಥಹಳ್ಳಿ ಕಡೆ ಔಷಧಿ ಹೊಡೆಯದೆ ಬೆಳೆಯುವವರು ಶನಿವಾರ ಬೆಳಿಗ್ಗೆ ತಮ್ಮ ಸೊಪ್ಪು, ತರಕಾರಿ, ಅಕ್ಕಿ ತರುವುದು. ಪೇಟೆಯವರು ಬುಧವಾರವೇ ವಾಟ್ಸಾಪ್ ಗುಂಪಿನಲ್ಲಿ ಬೇಕಾದ್ದನ್ನು ಬರೆದಿಟ್ಟು, ಶನಿವಾರ ಬಂದು ಒಯ್ಯುವುದು. ಮುಚ್ಚಿಹೋಗಿದ್ದ ಒಂದು ಟೈಪಿಂಗ್ ಕ್ಲಾಸಿನ ಹಾಲ್ ನಮಗೆ ಸಿಕ್ಕಿತು. ಮೇಜುಗಳ ಮೇಲೆ ಟೈಪ್‌ರೈಟರ್ ಕೂರಿಸಿದ್ದ ಸ್ಕ್ರೂ ತೂತುಗಳು ಇನ್ನೂ ಇದ್ದವು. ಅವುಗಳ ಮೇಲೆ ಬಸಳೆ, ಸೌತೆಕಾಯಿ, ಬಾಳೆಗೊನೆ ಕೂತವು. ಯಾರೂ ಕೇಳದಿದ್ದರೂ ನಾನು ಕಾರ್ಯದರ್ಶಿಯಾದೆ.

ಕೂಟಕ್ಕೆ ಬರುತ್ತಿದ್ದ ಬೆಳೆಗಾರರಲ್ಲಿ ರಿಪ್ಪನ್‌ಪೇಟೆಯಿಂದಾಚೆಯ ಒಂದು ಹಳ್ಳಿಯ ಹೆಂಗಸೊಬ್ಬರಿದ್ದರು. ಅರವತ್ತರ ಹತ್ತಿರ ವಯಸ್ಸು. ನಾವು ಅವರನ್ನು ಸೊಪ್ಪಿನಮ್ಮ ಎನ್ನುತ್ತಿದ್ದೆವು. ಅವರ ಮಾವ ಒಂದು ಕಾಲಕ್ಕೆ ಗೇಣಿ ಮಾಡುತ್ತಿದ್ದ ಗದ್ದೆ ಈಗ ಅವರದೇ ಆಗಿತ್ತು. ಗದ್ದೆ ಗಂಡನ ಉಸ್ತುವಾರಿ, ಮನೆ ಹಿಂದಿನದು ಇವರದು. ತರುತ್ತಿದ್ದದ್ದೂ ಮನೆ ಹಿಂದಿನದೇ: ಒಂದೆಲಗ, ಎಳೆ ಕೆಸುವಿನೆಲೆ, ನಾವು ಕಳೆ ಎಂದು ಕಿತ್ತೆಸೆಯುವ ನಾಲ್ಕಾರು ಸೊಪ್ಪು. ಬೆಳಗಿನ ಬಸ್ಸಿಗೆ ಬಂದು, ಟೈಪಿಂಗ್ ಕ್ಲಾಸಿನವರು ಬಿಟ್ಟುಹೋಗಿದ್ದ ತಿರುಗುವ ಸ್ಟೂಲಿನ ಮೇಲೆ ಕೂರುತ್ತಿದ್ದರು. ಮೊದಲ ದಿನ ಅದು ತಿರುಗಿದ್ದಕ್ಕೆ ಹೆದರಿ ಎದ್ದುಬಿಟ್ಟಿದ್ದರು. ಮೂರನೇ ವಾರದ ಹೊತ್ತಿಗೆ ಅದನ್ನು ಪಳಗಿಸಿಕೊಂಡರು. ಯಾರು ಏನು ಕೇಳಿದರೂ ಅವರ ಕಡೆಗೆ ಸರ್ರನೆ ತಿರುಗಿ ಉತ್ತರ ಹೇಳುವರು. ಒಂದೆಲಗಕ್ಕೆ ಬೆಲ್ಲ ಹಾಕಬೇಕೇ ಬೇಡವೇ, ಬಾಣಂತಿಗೆ ಯಾವುದು ಆಗದು, ಎಲ್ಲದಕ್ಕೂ ಅವರಲ್ಲಿ ಉತ್ತರವಿತ್ತು. ನಮ್ಮ ಹಲ್ಲಿನ ಡಾಕ್ಟರು ಕೂಡ ಕೈಕಟ್ಟಿ ನಿಂತು ಕೇಳುತ್ತಿದ್ದರು.

ಒಂದು ದಿನ ಚೀಲ ಮಡಿಸುತ್ತಾ ನನಗೆ ಹೇಳಿದ್ದರು, "ಮನೇಲಿ ನನ್ನ ಹತ್ರ ಎಲ್ರೂ ಕೇಳೋದು ಒಂದೇ ಸಾರ್, ಊಟ ಆಯ್ತಾ ಅಂತ. ಅದೂ ನಂದಲ್ಲ, ಅವ್ರ ಊಟ. ಇಲ್ಲಿ ಬಂದ್ರೆ ಬ್ಯಾರೆ ಏನಾರೂ ಕೇಳ್ತಾರೆ. ಅದಕ್ಕೇ ಶನಿವಾರ ತಪ್ಸಲ್ಲ."

ಆದರೂ ಆಷಾಢದ ಒಂದು ಶನಿವಾರ ಅವರು ಬರಲಿಲ್ಲ. ನಾದಿನಿ ಮನೆಯಲ್ಲಿ ಏನೋ ಕಾರ್ಯ. ಕೆಸುವಿನ ಕಟ್ಟುಗಳನ್ನು ಪಿಕಪ್ ಗಾಡಿಯಲ್ಲಿ ಕಳಿಸಿದ್ದರು. ಪ್ರತಿ ಕಟ್ಟಿಗೂ ಬಾಳೆನಾರಿನಿಂದ ಒಂದೆರಡು ಕಪ್ಪು ಒಣ ಚೂರು ಕಟ್ಟಿದ್ದರು. ವಾಟೆಹುಳಿ, ಹುಣಿಸೆಯ ಬದಲಿಗೆ ಹಾಕುವ ಒಣಕಾಯಿ. ಹುಳಿ ಹಾಕದಿದ್ದರೆ ಕೆಸು ಗಂಟಲು ತುರಿಸುತ್ತದೆ ಎಂಬುದು ಮಲೆನಾಡಿನಲ್ಲಿ ಹುಟ್ಟಿದವರೆಲ್ಲ ಕೇಳಿದ ಮಾತು. ತಾವು ಬಾರದ ದಿನ ತಮ್ಮ ಬದಲಿಗೆ ಇದಿರಲಿ ಎಂದು ಕಟ್ಟಿದ್ದರು. ಅದು ನನಗೆ ಆಮೇಲೆ ಹೊಳೆಯಿತು. ಆಗ ಹೊಳೆದದ್ದು ಬೇರೆ. ಬುಧವಾರದ ಪಟ್ಟಿಯಲ್ಲಿ ವಾಟೆಹುಳಿ ಇರಲಿಲ್ಲ. ಪಟ್ಟಿಯಲ್ಲಿಲ್ಲದ ವಸ್ತು ಮೇಜಿನ ಮೇಲೆ ಬರಕೂಡದು ಎಂಬ ನಿಯಮ ಮಾಡಿದವನು ನಾನೇ. ಒಂದೊಂದಾಗಿ ಎಲ್ಲವನ್ನೂ ಬಿಚ್ಚಿ ಚೀಲಕ್ಕೆ ತುಂಬಿ, ಒಂದು ಕಟ್ಟು ಕೆಸುವಿನೊಂದಿಗೆ ಮನೆಗೆ ತಂದೆ.

ಸರಿ, ಕೆಸು ಬೇಯಿಸಿ ಮಸೆದು ಮಾಡುವ ಕರಕಲಿ ಮಾಡೋಣ ಎಂದು ಹೊರಟೆ. ಗ್ಯಾಸ್ಟ್ರಿಕ್ ಇರುವುದರಿಂದ ಡಾಕ್ಟರು ನನಗೆ ಹುಳಿ ಬಿಡಿಸಿದ್ದರು. ನಾನು ವಿಚಾರ ಮಾಡಿದೆ. ಹುಳಿ ಎಂಬುದು ಕುಕ್ಕರ್ ಇಲ್ಲದ ಕಾಲದವರ ಉಪಾಯ. ಒಲೆಯಲ್ಲಿ ಅರೆಬೆಂದದ್ದಕ್ಕೆ ತುರಿಸುತ್ತಿತ್ತು, ಒತ್ತಡ ಕೊಟ್ಟು ಬೇಯಿಸಿದರೆ ಏಕೆ ತುರಿಸಬೇಕು? ಎಂಟು ಸೀಟಿ ಹೊಡೆಸಿದೆ. ಮಸೆದೆ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಫೋಟೋ ತೆಗೆಯಲು ಫೋನು ಹುಡುಕಿ ತಂದು, ಫೋಟೋ ಹೊಡೆದು, ಅನ್ನಕ್ಕೆ ಕಲಸಿ ತಿಂದೆ. ಅಮೋಘವಾಗಿತ್ತು, ಒಂದಿಷ್ಟೂ ತುರಿಸಲಿಲ್ಲ. ಕೂಡಲೇ ಗುಂಪಿಗೆ ಹಾಕಿದೆ: "ಹುಳಿರಹಿತ ಕೆಸುವಿನ ಕರಕಲಿ. ಎಂಟು ಸೀಟಿ ಸಾಕು. ಸೊಪ್ಪಿನಲ್ಲೇ ಸಹಜವಾದ ತೆಳು ಹುಳಿ ಇರುತ್ತದೆ. ಅಜ್ಜಿಯಂದಿರ ಭಯ ಬಿಡಿ." ಚಪ್ಪಾಳೆಯ ಚಿತ್ರಗಳು ಬಂದವು. ನಾನು ಮಲಗಿ ಒಂದು ನಿದ್ದೆ ತೆಗೆದೆ.

ಭಾನುವಾರ ಬೆಳಿಗ್ಗೆ ಗುಂಪಿನಲ್ಲಿ ದನಿ ಸಂದೇಶಗಳು. ಹಲ್ಲಿನ ಡಾಕ್ಟರ ದನಿ ತಗಡು ಎಳೆದ ಹಾಗಿತ್ತು. ನಿವೃತ್ತ ಹೆಡ್‌ಮಿಸ್ಟ್ರೆಸ್ಸರ ದನಿ ಬರಲೇ ಇಲ್ಲ, ಬರೀ ಕೆಮ್ಮು. ಒಬ್ಬರು ಮಜ್ಜಿಗೆ ಕುಡಿದರು, ಒಬ್ಬರು ಬೆಲ್ಲ ತಿಂದರು, ಒಬ್ಬರು ಕೊಬ್ಬರಿ ಎಣ್ಣೆಯಲ್ಲಿ ಬಾಯಿ ಮುಕ್ಕಳಿಸಿದರು. ಹನ್ನೆರಡು ಮನೆಗಳಲ್ಲಿ ಗಂಟಲು ಹಿಡಿದಿತ್ತು. ಹೇಗೆ ಮಾಡಿದಿರಿ ಎಂದು ಕೇಳಿದರೆ ಹನ್ನೆರಡೂ ಮನೆಯವರ ಉತ್ತರ ಒಂದೇ: "ನಮ್ಮಮ್ಮ ಮಾಡ್ತಿದ್ದ ಹಾಗೇ." ನನ್ನ ವಿಧಾನ ನೋಡಿ ಮಾಡಿದೆ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಟರ್ಬೈನಿನ ಮನುಷ್ಯನಿಂದ ಕೆಸು ಬೇಯಿಸಲು ಕಲಿತೆ ಎನ್ನುವುದಕ್ಕಿಂತ ಸತ್ತುಹೋಗುವುದು ಮೇಲು ಎಂದು ಅವರಿಗೆ ಅನ್ನಿಸಿರಬೇಕು. ನಾನೂ ಅದನ್ನೇ ತಿಂದು ಗಟ್ಟಿಮುಟ್ಟಾಗಿದ್ದೆ, ಹಾಗಾಗಿ ನನಗೂ ಸಂಶಯ ಬರಲಿಲ್ಲ. ತಪ್ಪು ಯಾರದೂ ಅಲ್ಲವಾದ್ದರಿಂದ ಸೊಪ್ಪಿನದೇ ಎಂದಾಯಿತು.

ಸೋಮವಾರ ಹಾಲ್‌ನಲ್ಲಿ ಸಭೆ ಸೇರಿತು. ಸೊಪ್ಪಿನಮ್ಮನ ಊರಿನ ಕಡೆ ಶುಂಠಿ ಗದ್ದೆಗಳಿವೆ, ಶುಂಠಿಗೆ ವಿಪರೀತ ಔಷಧಿ ಹೊಡೆಯುತ್ತಾರೆ, ಕೆಸು ಅಲ್ಲಿನ ಬದುವಿನದೇ ಇರಬೇಕು ಎಂದು ಯಾರೋ ಹೇಳಿದರು. ಇರಬೇಕು ಎಂದದ್ದು ಚಹಾ ಮುಗಿಯುವಷ್ಟರಲ್ಲಿ ಹೌದು ಎಂದಾಗಿತ್ತು. "ಮುಂದಿನ ತೀರ್ಮಾನದವರೆಗೆ ಸದರಿ ಬೆಳೆಗಾರರಿಂದ ಸೊಪ್ಪು ಸ್ವೀಕರಿಸತಕ್ಕದ್ದಲ್ಲ" ಎಂದು ನಿರ್ಣಯವನ್ನು ನಾನೇ ಬರೆದೆ. ಭಾಷೆ ಚೆನ್ನಾಗಿ ಬಂದಿದೆ ಎಂದು ಎರಡು ಸಲ ಓದಿಕೊಂಡೆ.

ಅವರಿಗೆ ಫೋನು ಮಾಡಿ ತಿಳಿಸುವ ಕೆಲಸವೂ ನನ್ನದೇ. ಎಲ್ಲ ಕೇಳಿಸಿಕೊಂಡು ಅವರು ಮೊದಲು ಕೇಳಿದ್ದು: "ಹುಳಿ ಹಾಕಿದ್ರಾ?"

"ಹುಳಿ ವಿಷಯ ಅಲ್ಲಮ್ಮ ಇದು, ಔಷಧಿ ವಿಷಯ" ಎಂದೆ.

"ಎಂತ ಔಷಧಿ ಮಾರಾಯ್ರೆ? ಅದು ನಮ್ಮ ಬಚ್ಚಲ ಹಿಂದೆ ಬೆಳ್ಯೋದು. ಸೋಪಿನ ನೀರು ಬಿದ್ದಿದ್ರೆ ಬಿದ್ದಿರ್ಬೋದು, ಅಷ್ಟೆ." ಆಮೇಲೆ ಕೇಳಿದರು, "ಹಂಗಾದ್ರೆ ಶನಿವಾರ ನಾನು ಬರೋದು ಬ್ಯಾಡ್ವಾ?"

ಸದ್ಯಕ್ಕೆ ಬೇಡ ಎಂದೆ. ಇಟ್ಟುಬಿಟ್ಟೆ.

ಕೂಟದ ಗುಟ್ಟಿನ ವ್ಯವಹಾರಗಳನ್ನು ಮನೆಯಲ್ಲಿ ಮಾತಾಡಬಾರದು ಎಂಬುದು ನನ್ನ ಇನ್ನೊಂದು ನಿಯಮ. ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅದನ್ನು ಮುರಿದೆ. ನನ್ನ ಹೆಂಡತಿ ಆ ಗುಂಪಿನಲ್ಲಿಲ್ಲ. ಅವಳ ಫೋನಿನಲ್ಲಿ ಮಾತಾಡುವುದು ಬಿಟ್ಟು ಬೇರೇನೂ ಆಗುವುದಿಲ್ಲ, ಅವಳಿಗೆ ಬೇಕಾಗಿಯೂ ಇಲ್ಲ. ಕೆಸು, ಗಂಟಲು, ಶುಂಠಿ ಗದ್ದೆ, ನನ್ನ ನಿರ್ಣಯ ಎಲ್ಲ ಹೇಳಿದೆ. ಅವಳು ಸಾರಿನ ಸೌಟನ್ನು ಪಾತ್ರೆಗೆ ಇಳಿಬಿಟ್ಟಳು.

"ಹುಳಿ ಇಲ್ದೇ ಮಾಡಿ ಅಂತ ನೀವು ಬರ್ದು ಹಾಕಿದ್ರಾ?"

"ಹೌದು. ನಾನೇ ತಿಂದಿದೀನಲ್ಲ."

"ನೀವು ತಿಂದಿದ್ದಕ್ಕೆ ಹುಳಿ ಹಾಕಿತ್ತು. ಚೀಲದಲ್ಲಿ ವಾಟೆಹುಳಿ ಇತ್ತಲ್ಲ, ಕುಕ್ಕರ್ ಕೂಗ್ತಾ ಇದ್ದಾಗ್ಲೇ ಎರಡು ಚೂರು ಬಿಸಿನೀರಲ್ಲಿ ನೆನೆ ಹಾಕಿದ್ದೆ. ನೀವು ಫೋನ್ ಹುಡುಕ್ಲಿಕ್ಕೆ ಹೋದಾಗ ಹಿಂಡಿದೆ. ಇಲ್ದಿದ್ರೆ ಆಸ್ಪತ್ರೆಗೆ ಯಾರು ಓಡಾಡೋರು?"

ಸೊಪ್ಪಿನ ಸಹಜವಾದ ತೆಳು ಹುಳಿ ಎಂದರೆ ಅದು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಅದೂ ಹೆಂಡತಿಯ ಮೇಲೆ. ಅವಳು ಹಿಂಡದೆ ಬಿಟ್ಟಿದ್ದರೆ ನನ್ನ ಗಂಟಲೇ ಮೊದಲು ಹಿಡಿಯುತ್ತಿತ್ತು, ಊರು ಉಳಿಯುತ್ತಿತ್ತು ಎಂದು ಕೂಗಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಆ ಹೆಂಗಸಿಗೆ ಯಾವಾಗ ಹೇಳ್ತೀರಿ?" ಎಂದಷ್ಟೇ ಕೇಳಿದಳು.

"ಮೊದಲು ಶನಿವಾರ ಕೂಟದಲ್ಲಿ ಹೇಳ್ತೀನಿ" ಎಂದೆ.

ಶನಿವಾರ ಹೇಳಲಿಲ್ಲ. ಹೇಳಲು ಎರಡು ಸಲ ಎದ್ದೆ. ಒಮ್ಮೆ ತಕ್ಕಡಿ ಸರಿಮಾಡಿ ಕೂತೆ, ಒಮ್ಮೆ ಸುಮ್ಮನೆ ಕೂತೆ. ಸ್ಟೂಲು ಕಿಟಕಿ ಪಕ್ಕ ಖಾಲಿಯಿತ್ತು, ಅದರ ಮೇಲೆ ಯಾರೋ ಗೋಣಿಚೀಲ ಇಟ್ಟಿದ್ದರು. ಹೊಸದಾಗಿ ವರ್ಗವಾಗಿ ಬಂದಿದ್ದ ಬ್ಯಾಂಕಿನ ಹುಡುಗಿಯೊಬ್ಬಳು ಎಳೆಬಿದಿರಿನ ಕಳಲೆ ಹಿಡಿದುಕೊಂಡು ಇದನ್ನು ಎಷ್ಟು ದಿನ ನೆನೆಸಬೇಕು ಎಂದು ಸುತ್ತ ನೋಡಿದಳು. ತೀರ್ಥಹಳ್ಳಿಯಿಂದ ಅಕ್ಕಿ ತರುವವರು ನನ್ನನ್ನು ನೋಡಿದರು, ನಾನು ಹೆಡ್‌ಮಿಸ್ಟ್ರೆಸ್ಸರನ್ನು ನೋಡಿದೆ, ಅವರು ಮೊಬೈಲು ನೋಡಿದರು. ಹುಡುಗಿ ಕಳಲೆಯನ್ನು ವಾಪಸ್ ಇಟ್ಟು ಹೋದಳು.

ಮನೆಗೆ ಬಂದರೆ ಹೆಂಡತಿ, "ಹೇಳಿದ್ರಾ?" ಎಂದು ನನ್ನ ಮುಖ ನೋಡಿ, "ಯಾವ ಶನಿವಾರ ಅಂತ ನಾನು ಸರಿಯಾಗಿ ಕೇಳ್ಬೇಕಿತ್ತು" ಎಂದಳು.

ಆ ಮಧ್ಯಾಹ್ನವೇ ಸೊಪ್ಪಿನಮ್ಮನಿಗೆ ಫೋನು ಮಾಡಿದೆ. ಹುಳಿ ಬಿಚ್ಚಿದ್ದು, ಬರೆದು ಹಾಕಿದ್ದು, ಹೆಂಡತಿ ಹಿಂಡಿದ್ದು, ಒಂದೂ ಬಿಡದೆ ಹೇಳಿ, ಮುಂದಿನ ವಾರ ಬನ್ನಿ ಎಂದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ.

"ನಂಗೆ ಹೇಳಿ ಎಂತಾಗ್ಬೇಕು ಸಾರ್? ತುರಿಸಿಲ್ಲ ನಂಗೆ. ವಿಷ ಹಾಕ್ದೋಳು ಅಂತ ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ. ಬಸ್ಸಿಗೆ ಬರ್ತೀನಿ. ಬಾಗಿಲ ಹತ್ರ ನಿಂತು ಕೇಳ್ತೀನಿ. ಆಮೇಲೆ ಒಳಗೆ ಬರೋದೋ ಬ್ಯಾಡ್ವೋ ನೋಡ್ವ."

"ಒಂದು ಕಟ್ಟು ಕೆಸುವೂ ತನ್ನಿ" ಎಂದೆ.

ಮುಂದಿನ ಶನಿವಾರ ಗ್ಯಾಸ್ ಒಲೆ, ಕುಕ್ಕರ್ ಹೊತ್ತುಕೊಂಡು ಹಾಲ್‌ಗೆ ಹೋದೆ. ಮೂರು ಪುಟದ ಭಾಷಣವನ್ನೂ ಬರೆದುಕೊಂಡಿದ್ದೆ. ಕಾರ್ಯದರ್ಶಿಗೆ ಪುಟಗಳಿಲ್ಲದೆ ಕ್ಷಮೆ ಕೇಳಲು ಬರುವುದಿಲ್ಲ. ಸೊಪ್ಪಿನಮ್ಮ ಹೇಳಿದ ಹಾಗೆಯೇ ಬಾಗಿಲ ಬಳಿ ನಿಂತರು. ಕೆಸುವಿನ ಕಟ್ಟನ್ನು ನನ್ನ ಕೈಗೆ ಕೊಟ್ಟರು, ಚೀಲ ಮಾತ್ರ ಹೆಗಲಿನಿಂದ ಇಳಿಸಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ನನ್ನ ವಿಧಾನವನ್ನು ಗಟ್ಟಿಯಾಗಿ ಓದುತ್ತಾ ಮಾಡಿದೆ. ಎಂಟು ಸೀಟಿ. ಹುಳಿ ಇಲ್ಲ. ತಟ್ಟೆಗೆ ಹಾಕಿಕೊಂಡು, "ಮಾತಾಡುವ ಮೊದಲು ತಿನ್ನುತ್ತೇನೆ" ಎಂದೆ. ಆ ಅನುಕ್ರಮದಲ್ಲೇ ಎಡವಟ್ಟಾಯಿತು.

ಮೂರನೇ ತುತ್ತಿಗೆ ನಾಲಿಗೆ ದಪ್ಪಗಾಯಿತು. ಐದನೆಯದಕ್ಕೆ ಗಂಟಲಿನೊಳಗೆ ಯಾರೋ ಪೊರಕೆ ಹಾಕಿ ಗುಡಿಸಿದಂತಾಯಿತು. ಭಾಷಣದ ಹಾಳೆ ಎತ್ತಿದೆ. ಬಾಯಿ ತೆರೆದರೆ ಗೊರಗೊರ ಶಬ್ದ ಬಿಟ್ಟು ಬೇರೇನೂ ಬರಲಿಲ್ಲ. ಕಣ್ಣಲ್ಲಿ ನೀರು. ಹಾಳೆಯನ್ನು ಹಲ್ಲಿನ ಡಾಕ್ಟರಿಗೆ ಚಾಚಿದೆ. ಅವರು ಮೊದಲ ಪುಟ ಓದಿದರು: ವಾಟೆಹುಳಿ ಬಿಚ್ಚಿದವನು ನಾನು, ತಪ್ಪು ಬರೆದವನು ನಾನು, ಆ ಅಮ್ಮನದು ಏನೂ ತಪ್ಪಿಲ್ಲ. ಎರಡನೇ ಪುಟಕ್ಕೆ ಹೋಗದೆ ನಿಲ್ಲಿಸಿ, "ನಮ್ಮನೇಲೂ ಇದನ್ನೇ ನೋಡಿ ಮಾಡಿದ್ದು. ಅಮ್ಮ ಮಾಡ್ತಿದ್ದ ಹಾಗೆ ಅಂದಿದ್ದು ಸುಳ್ಳು. ನಮ್ಮಮ್ಮ ಹುಳಿ ಹಾಕ್ತಿದ್ರು" ಎಂದರು. ಹೆಡ್‌ಮಿಸ್ಟ್ರೆಸ್ಸರು "ನಾನೂ" ಎಂದರು. ಆಮೇಲೆ ಹಿಂದಿನಿಂದ ಒಂದೊಂದೇ "ನಾನೂ" ಬಂತು.

ಆ ಹೊತ್ತಿಗೆ ನನ್ನ ತುಟಿ ಊದಿತ್ತು. ಒಬ್ಬರು ನೀರು ಎಂದರು, ಒಬ್ಬರು ನೀರು ಬೇಡ ಎಂದರು. ಡಾಕ್ಟರು ತಮ್ಮದು ಹಲ್ಲಿನ ವಿಭಾಗ ಎನ್ನುವಂತೆ ಹಿಂದೆ ಸರಿದರು. ಕೊನೆಗೆ ಹೆಡ್‌ಮಿಸ್ಟ್ರೆಸ್ಸರು ಬಾಗಿಲ ಕಡೆ ತಿರುಗಿ, "ಅಮ್ಮಾ, ಇವರಿಗೆ ಈಗ ಏನು ಕೊಡೋದು?" ಎಂದು ಕೇಳಿದರು. ಇಡೀ ಹಾಲ್ ಆ ಕಡೆ ತಿರುಗಿತು.

ಸೊಪ್ಪಿನಮ್ಮ ಅವಸರ ಮಾಡಲಿಲ್ಲ. ಚಪ್ಪಲಿ ಬಿಟ್ಟರು. ಮೇಜುಗಳ ನಡುವೆ ಹಾದು ಕಿಟಕಿಯ ಬಳಿಗೆ ಹೋದರು. ಸ್ಟೂಲಿನ ಮೇಲಿದ್ದ ಗೋಣಿಚೀಲವನ್ನು ತೆಗೆದು ಕೆಳಗೆ ಹಾಕಿದರು. ಸೆರಗಿನಿಂದ ಮೂರು ವಾರದ ಧೂಳು ಒರೆಸಿದರು. ನಾನು ಗಂಟಲು ಹಿಡಿದುಕೊಂಡು ನೋಡುತ್ತಿದ್ದೆ. ಕೂತರು, ಚೀಲವನ್ನು ಹೆಗಲಿನಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಒಳಗೆ ಕೈ ಹಾಕಿ ಒಂದು ಕಪ್ಪು ಚೂರು ತೆಗೆದರು. ಆಮೇಲೆ ಸ್ಟೂಲನ್ನು ಸರ್ರನೆ ನನ್ನ ಕಡೆಗೆ ತಿರುಗಿಸಿ,

"ಹೂಂ, ಈಗ ಕೇಳಿ" ಎಂದರು.

ಕೇಳಲು ನನಗೆ ದನಿ ಇರಲಿಲ್ಲ. ಎರಡೂ ಕೈ ಮುಂದೆ ಚಾಚಿದೆ.