ಕಪಿಲೆ ಎತ್ತು ಎಬ್ಬಿಸಿದ ಸಂಪಿಗೆ ಮರ

ಆಗ ನನಗೆ ಹದಿಮೂರು. ಈಗ ಅರವತ್ತು ವರ್ಷ ಕಳೆದಿರಬೇಕು, ಹೆಚ್ಚೇ ಆಗಿದ್ದರೂ ಆಗಿರಬಹುದು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಹಾಗಾಗಿ ಎಲ್ಲಿ ಮರ ಬಿದ್ದರೂ ಸೌದೆ ಕಂಟ್ರಾಕ್ಟರು ಹದ್ದಿನ ಹಾಗೆ ಬಂದು ಇಳಿಯುತ್ತಿದ್ದ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಬಿರುಗಾಳಿ ಎದ್ದು ಆಲಿಕಲ್ಲು ಬಿತ್ತು. ಯಲ್ದೂರಿನ ಕಡೆ ಮಾವಿನಕಾಯಿಯೆಲ್ಲ ಉದುರಿ, ಆ ವರ್ಷ ಮನೆಮನೆಯಲ್ಲೂ ಉಪ್ಪಿನಕಾಯಿಯೇ ಉಪ್ಪಿನಕಾಯಿ. ಸುಗಟೂರಿನ ನಮ್ಮ ಹಿತ್ತಲ ಚಪ್ಪರ ಹಾರಿ ಪಕ್ಕದ ಮನೆಯವರ ಅಂಗಳದಲ್ಲಿ ಕೂತಿತು. ಅವರು ಅದು ತಮ್ಮದೇ ಅಂದರು. ಇವತ್ತಿಗೂ ಕೊಟ್ಟಿಲ್ಲ.

ಕೋಲಾರದ ಪಾರ್ಕಿನಲ್ಲೂ ಮರಗಳು ಉರುಳಿವೆ ಎಂದು ಸುದ್ದಿ ಬಂತು. ನಾನು ಪಾರ್ಕನ್ನು ಕಂಡೇ ಇರಲಿಲ್ಲ. ನೆಟ್ಟಗಿದ್ದಾಗ ತೋರಿಸದ ತಾತ, ಬಿದ್ದ ಮೇಲೆ ತೋರಿಸುತ್ತೇನೆ ಎಂದ. ಸಂತೆಗೆ ಬದನೆಕಾಯಿ ಹಾಕಿ, ಬಂಡಿಯನ್ನು ಆ ಕಡೆ ತಿರುಗಿಸಿದ.

ಊರಿಗೆ ಊರೇ ಅಲ್ಲಿ ಸೇರಿತ್ತು. ಬ್ಯಾಂಡು ಬಾರಿಸುವ ಮಂಟಪದ ತಗಡಿನ ಮಾಡು ಮಗುಚಿ ಕೊಳದಲ್ಲಿ ತೇಲುತ್ತಿತ್ತು, ಅದರೊಳಗೆ ಒಂದು ನಾಯಿ ಕೂತು ಎಲ್ಲರನ್ನೂ ನೋಡುತ್ತಿತ್ತು. ಮುರಿದ ಕೊಂಬೆಗಳಿಗೆ ಸಗಣಿ ಮೆತ್ತಿ, ಬಟ್ಟೆ ಸುತ್ತಿದ್ದರು. ಕಿತ್ತುಹೋದ ಮಡಿಗಳಲ್ಲಿ ಆಗಲೇ ಹೊಸ ಸಸಿ ನೆಟ್ಟಾಗಿತ್ತು. ಏನೋ ಬರೆದ ಹಲಗೆಯೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ಹುಲ್ಲು ತುಳಿಯಬಾರದು ಅಂತ ಬರೆದಿದೆ ಎಂದು ಒಬ್ಬರು ಓದಿ ಹೇಳಿದರು, ಹುಲ್ಲು ತುಳಿಯುತ್ತಲೇ.

ಬಾಗಿಲ ಹತ್ತಿರ ಸಂಪಿಗೆ ಮರವೊಂದು ಮಲಗಿತ್ತು. ಬೇರು ಅರ್ಧ ಮಣ್ಣೊಳಗೆ, ಅರ್ಧ ಗಾಳಿಗೆ. ಮಲಗಿಕೊಂಡೇ ಹೂ ಬಿಟ್ಟಿತ್ತು, ನಾಚಿಕೆಯಿಲ್ಲದ್ದು. ಪಕ್ಕದಲ್ಲಿ ಪಾರ್ಕಿನ ಮಾಲಿ ಸಾಬರು ಕೂತು ಅಳುತ್ತಿದ್ದರು. ಅಷ್ಟು ದೊಡ್ಡ ಮೀಸೆ ಇಟ್ಟುಕೊಂಡು ಅಳುವವರನ್ನು ನಾನು ನೋಡಿರಲಿಲ್ಲ. ನಗು ಬಂತು.

"ಏನ್ ಸಾಬ್ರೇ, ಏನಾಯ್ತು?" ಎಂದ ತಾತ.

"ನಾನ್ ಕೆಲ್ಸಕ್ ಸೇರಿದ ವರ್ಷ ನೆಟ್ಟಿದ್ದು ಗೌಡ್ರೇ. ನಿಂತಿರೋ ಮರ ಪಾರ್ಕಿಂದು, ಬಿದ್ದಿರೋದು ಕಂಟ್ರಾಕ್ಟರಿಂದು ಅಂತ ಸಾಹೇಬ್ರು ಹೇಳ್ಬಿಟ್ಟಿದಾರೆ. ಸಂಜೆಗೆ ಗರಗಸ ತರ್ತಾನೆ ಅವ್ನು. ಬೇರಲ್ಲಿ ಜೀವ ಐತೆ, ಎತ್ತಿ ನಿಲ್ಸಿದ್ರೆ ಬದುಕ್ತದೆ. ಜನ ಎಳುದ್ರು, ಆಗ್ಲಿಲ್ಲ."

"ಜನ ಎಳುದ್ರೆ ಏನಾಗ್ತದೆ? ನಮ್ಮೆತ್ತು ಕಟ್ಟಿದ್ರೆ ಕುರುಡುಮಲೆ ಬೆಟ್ಟಾನೇ ಎದ್ದು ಬರ್ತದೆ!"

ತಾತ ಬಂಡಿ ಬಿಚ್ಚಿ, ನೊಗಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮರಕ್ಕೆ ಬಿಗಿದ. ಎಡವಟ್ಟಾದದ್ದು ಇಲ್ಲೇ. ನಮ್ಮ ಎತ್ತುಗಳು ಬಂಡಿಗೆ ಕಟ್ಟಿದರೆ ಬಂಡಿ ಎತ್ತು, ಹಿಂದೆ ಹಗ್ಗ ಕಟ್ಟಿದರೆ ಕಪಿಲೆ ಎತ್ತು. ಕಪಿಲೆ ಎಂದರೆ ಈಗಿನವರಿಗೆ ಹೇಳಬೇಕು. ಎತ್ತು ಇಳಿಜಾರಿನಲ್ಲಿ ಮುಂದೆ ಹೋದರೆ ಬಾವಿಯಿಂದ ಚರ್ಮದ ಬಾನಿ ಮೇಲೆ ಬಂದು ನೀರು ಸುರಿಯುತ್ತದೆ. ಆಮೇಲೆ ಎತ್ತು ಹಿಂದಹಿಂದಕ್ಕೆ ನಡೆದು ಬಾವಿಯ ಬಳಿಗೆ ಬರಬೇಕು. ಹೊಡೆಯುವವನು ಪದ ಹಾಡುತ್ತಾನೆ. ಪದ ಎತ್ತಿದರೆ ಎತ್ತು ಮುಂದೆ, ಪದ ಮುಗಿದರೆ ಹಿಂದೆ.

ತಾತ ಪದ ಎತ್ತಿದ. ಎತ್ತು ಹೊರಟವು. ಮರ ಮೈಮುರಿದು ಎದ್ದಿತು, ಜನ ಚಪ್ಪಾಳೆ ಹೊಡೆದರು, ಸಾಬರು ಆಕಾಶಕ್ಕೆ ಕೈ ಎತ್ತಿದರು. ತಾತ ಪದ ಮುಗಿಸಿದ. ಎತ್ತುಗಳು ನಿಂತು, ಮರ್ಯಾದೆಯಾಗಿ ಹಿಂದಕ್ಕೆ ನಡೆದುಬಂದವು. ಮರವೂ ಹಾಗೇ ಮೆಲ್ಲಗೆ ಮಲಗಿತು.

ಎರಡನೇ ಸಲವೂ ಅದೇ. ಎದ್ದಿತು, ಮಲಗಿತು.

"ಇದೇನ್ ಗೌಡ್ರೇ, ಮರ ಸಲಾಂ ಹೊಡೀತಾ ಐತೆ!" ಎಂದು ಗುಂಪಿನಲ್ಲಿ ಒಬ್ಬ ಕೂಗಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ತಾತನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಹಾಡದೆ ಹೊಡೆದು ನೋಡಿದ. ಎತ್ತು ಕದಲಲಿಲ್ಲ, ಕಿವಿ ಮಾತ್ರ ಅಲ್ಲಾಡಿಸಿದವು.

"ತಾತಾ, ಪದ ಮುಗಿಸ್ತೀಯಲ್ಲ, ಅದಕ್ಕೇ ಅವು ವಾಪಸ್ ಬರ್ತವೆ. ಮುಗಿಸ್ಲೇಬೇಡ!" ಎಂದೆ.

"ಮುಚ್ಕೊಂಡಿರೇ" ಎಂದವನು, ಮತ್ತೆ ಪದ ಎತ್ತಿದಾಗ ಮುಗಿಸಲಿಲ್ಲ. ಮರ ಎದ್ದು ನಿಂತಿತು. ಎತ್ತುಗಳು ಕಾಲೂರಿ ಜಗ್ಗುತ್ತಲೇ ನಿಂತವು. ಸಾಬರೂ ಇನ್ನಷ್ಟು ಜನರೂ ಕವೆಗೋಲು ತಂದು ಬುಡಕ್ಕೆ ಓಡಿದರು. ಆಗ ತಾತನಿಗೆ ಬೀಡಿ ಕೆಮ್ಮು ಬಂತು. ಕೆಮ್ಮೆಂದರೆ ಕೆಮ್ಮು. ಪದ ನಿಂತಿತು. ಎತ್ತುಗಳು ಹಿಂದಕ್ಕೆ ಒಂದು ಕಾಲು ತೆಗೆದವು.

"ಅರೇ ಅಲ್ಲಾ! ಯಾರಾದ್ರೂ ಹಾಡಿ!" ಸಾಬರು ಮರ ತಬ್ಬಿಕೊಂಡು ಕಿರುಚಿದರು.

ಹೆಣ್ಣುಮಕ್ಕಳು ಕಪಿಲೆ ಪದ ಹಾಡಕೂಡದು, ಹಾಡಿದರೆ ಎತ್ತು ಕೆಡುತ್ತವೆ ಎಂದು ನಮ್ಮಲ್ಲಿ ಹೇಳುತ್ತಿದ್ದರು. ಕೆಟ್ಟರೆ ಕೆಡಲಿ. ಕಾಗೆಯ ಗಂಟಲಲ್ಲಿ ಶುರು ಮಾಡಿದೆ.

"ಬದನೆಗೂ ನೀರು, ಬೆಂಡೆಗೂ ನೀರೂ..."

ಎತ್ತು ಮತ್ತೆ ಜಗ್ಗಿದವು. ಮುಂದೆ ಏನು ಹಾಡುವುದು? ಬಾಯಿಗೆ ಬಂದದ್ದು. ಹಿಪ್ಪುನೇರಳೆಗೂ ನೀರು, ಸಂತೆಗೂ ನೀರು. ನಾನು ಒಂದೊಂದು ಹೆಸರು ಹೇಳಿದರೆ ಜನ "ನೀರೂ" ಎಂದು ಎಳೆದರು. ಕೋಟು ಹಾಕಿದವರು, ಬುರ್ಖಾದವರು, ಬುಟ್ಟಿ ಹೊತ್ತವರು, ಎಲ್ಲ. ನಾಯಿಯೂ ಕೊಳದಿಂದ ಊಳಿಟ್ಟಿತು.

"ಸಾಬರ ಮೀಸೆಗೂ?"

"ನೀರೂ!"

"ತಾತನ ಬೋಳುತಲೆಗೂ?"

"ನೀರೂ!"

ತಾತ ಕೆಮ್ಮುತ್ತಲೇ ಕೋಲು ಎತ್ತಿದ, ಹೊಡೆಯಲು ಶಕ್ತಿ ಇರಲಿಲ್ಲ, ಅವನೂ ನಗುತ್ತಿದ್ದ. ಅತ್ತ ಕವೆಗೋಲು ಕೊಟ್ಟು, ಕಲ್ಲು ತುಂಬಿ, ಮಣ್ಣು ಹಾಕಿ, ಹೆಂಗಸರು ಕೈ ಕೈ ಹಿಡಿದು ಬುಡದ ಸುತ್ತ ಕುಣಿದು ತುಳಿದರು. ತಲೆ ತಿರುಗಿ ಒಬ್ಬಾಕೆ ಹೊಸ ಸಸಿಗಳ ಮಡಿಯಲ್ಲಿ ಬಿದ್ದಳು. ಅವಳಿಗೂ ನೀರು ಎಂದೆ.

ಕಂಟ್ರಾಕ್ಟರು ಬಂದಾಗ ಹಗ್ಗ ಬಿಚ್ಚಿಯಾಗಿತ್ತು. ಮರದ ಸುತ್ತ ಬಂದು ಕವೆಗೋಲು ಮುಟ್ಟಿ ನೋಡಿದ.

"ಏನ್ರೀ ಸಾಬ್ರೇ, ಇದು ನಿಂತಿದೆಯೋ, ನಿಲ್ಸಿದ್ದೀರೋ?"

"ನಿಂತೈತೆ" ಎಂದರು ಸಾಬರು, ಮೀಸೆ ತೀಡಿಕೊಂಡು.

ಅವನು ಗರಗಸ ಹೊತ್ತುಕೊಂಡು ಹೋದ. ಸಾಬರು ನನ್ನ ಮಡಿಲ ತುಂಬ ಸಂಪಿಗೆ ಸುರಿದರು. ದಾರಿಯುದ್ದಕ್ಕೂ ಅದರ ವಾಸನೆಗೆ ತಲೆ ನೋವು ಬಂತು.

ಮಾರನೆಯ ಬೆಳಿಗ್ಗೆ ತಾತನಿಗೆ ಗಂಟಲು ಕಟ್ಟಿತ್ತು. ಬದನೆಗೆ ನೀರು ಬೇಕಲ್ಲ. ನಾನೇ ಕಪಿಲೆ ಹೊಡೆಯಲು ಹೋದೆ, ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಹಾಡಿದೆ, ಎತ್ತು ಇಳಿದವು, ಬಾನಿ ಬಂತು, ನೀರು ಸುರಿಯಿತು. ಹಾಡು ನಿಲ್ಲಿಸಿದೆ. ಎತ್ತುಗಳು ಹಿಂದೆ ಬರಲಿಲ್ಲ. ಇವಳದು ಮುಗಿಯುವ ಪದವಲ್ಲ ಎಂದುಕೊಂಡವೋ ಏನೋ, ಕೆಳಗೆ ನಿಂತು ನನ್ನ ಮುಖ ನೋಡಿದವು.

"ಮುಗೀತು ಕಣ್ರೋ, ಬನ್ರೋ!" ಎಂದು ಕೂಗಿದೆ.