ರಟ್ಟಿನ ಬೋರ್ಡಿನಲ್ಲಿ ಒಂದು ‘ಬೇಡ’

ನನ್ನ ಗಂಡ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತು ನನಗೆ ತಿಳಿಯಲಿಲ್ಲ. ಅವರು ಎತ್ತಿನ ದಲಾಲಿ ಮಾಡುವವರು. ಗಡಿಯಾಚೆಯ ವ್ಯಾಪಾರಿಗಳ ಜೊತೆ ಮರಾಠಿಯಲ್ಲಿ ಮಾತಾಡುವುದು ದಿನದ ರೂಢಿ. ಇದೂ ಅದೇ ಇರಬೇಕೆಂದು ರೊಟ್ಟಿ ಬಡಿಯುತ್ತ ಕುಳಿತೆ. ಆಮೇಲೆ ಫೋನ್ ನೆಲಕ್ಕೆ ಬಿದ್ದ ಸದ್ದಾಯಿತು. ಹೊರಗೆ ಬಂದು ನೋಡಿದರೆ ಅವರ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

ಅದು ಮರಾಠಿ ಆಗಿರಲಿಲ್ಲ, ಯಾವ ಭಾಷೆಯೂ ಆಗಿರಲಿಲ್ಲ.

ನಮ್ಮೂರು ನರೋಣಾದಿಂದ ಕಲಬುರಗಿಗೆ ಜೀಪಿನಲ್ಲಿ ಕರೆದೊಯ್ದೆವು. ಸ್ಕ್ಯಾನ್ ನೋಡಿದ ಡಾಕ್ಟರ್ ಸ್ಟ್ರೋಕ್ ಎಂದರು. ಮೆದುಳಿನಲ್ಲಿ ಮಾತಿನ ಭಾಗಕ್ಕೇ ಪೆಟ್ಟು ಬಿದ್ದಿದೆ, ಇದಕ್ಕೆ ಅಫೇಸಿಯಾ ಅನ್ನುತ್ತಾರೆ ಎಂದರು.

“ಮಾತು ವಾಪಸ್ ಬರ್ತಾವೇನ್ರಿ?”

“ಸ್ವಲ್ಪ ಬರಬಹುದು. ಈಗಲೇ ಹೇಳೋಕಾಗಲ್ಲಮ್ಮ.”

ಸಂತೆಯಲ್ಲಿ ಅವರ ದನಿ ಕೇಳಿ ಜನ ನಿಲ್ಲುತ್ತಿದ್ದರು. ಮನೆಗೆ ಮರಳಿದಾಗ ಅವರ ಬಾಯಲ್ಲಿ ಉಳಿದದ್ದು ‘ತಾ, ತಾ’ ಎಂಬ ಒಂದೇ ಸದ್ದು. ನೋವಿಗೂ ಅದೇ, ಸಿಟ್ಟಿಗೂ ಅದೇ. ನಾವೆಲ್ಲ ಏನೋ ಕೇಳುತ್ತಿದ್ದಾರೆಂದು ತಿಳಿದು ತಂದು ತಂದು ಕೊಡುತ್ತಿದ್ದೆವು. ಬರೆದು ತೋರಿಸೋಣವೆಂದರೆ ಅವರಿಗೆ ಅಕ್ಷರದ ಗುರುತೂ ಸಿಗುತ್ತಿರಲಿಲ್ಲ.

ಆಸ್ಪತ್ರೆಯ ಥೆರಪಿಸ್ಟ್ ಬೇಕಾದದ್ದನ್ನು ಮುಟ್ಟಿ ತೋರಿಸುವಂಥ ಚಿತ್ರದ ಬೋರ್ಡ್ ಮಾಡಿಕೊಳ್ಳಲು ಹೇಳಿದ್ದಳು. ಫ್ಯಾನ್ ಬಂದಿದ್ದ ರಟ್ಟಿನ ಡಬ್ಬಿ ಬಿಡಿಸಿದೆ. ಮೇಲೆ ಹಳೆ ಸೀರೆಯ ತುಂಡು ಎಳೆದು ಗೋಧಿಹಿಟ್ಟಿನ ಅಂಟಿನಿಂದ ಅಂಟಿಸಿದೆ. ಬಿಸ್ಕತ್ತಿನ ಪೊಟ್ಟಣದಿಂದ ಕತ್ತರಿಸಿದ ಚಹಾ ಕಪ್ಪು, ಖಾಲಿಯಾದ ಗುಳಿಗೆ ಪಟ್ಟಿ, ಒಂದು ಹೊದಿಕೆಯ ಚಿತ್ರ. ನೀರಿನ ಕೊಡ ನಾನೇ ಬರೆದೆ. ಬಲಗೈ ಬಿದ್ದುಹೋಗಿತ್ತು; ಎಡಗೈಗೆ ನಿಲುಕುವಂತೆ ಮಂಚದ ಪಕ್ಕ ಹಗ್ಗದಿಂದ ಕಟ್ಟಿದೆ.

ಅವರು ಅದನ್ನು ಕಿತ್ತೆಸೆದರು.

ಮತ್ತೆ ಕಟ್ಟಿದೆ. ಮತ್ತೆ ಎಸೆದರು. ಒಂದು ಸಂಜೆ ಪಕ್ಕದ ಮನೆಯ ರೆಹಾನಾ ಬಂದಾಗ ನಾನು ಗಂಜಿ ಕುಡಿಸುತ್ತಿದ್ದೆ. ಅವರು ಮುಖ ತಿರುಗಿಸುತ್ತಿದ್ದರು. ನಾನು ಚಮಚವನ್ನೂ ಆ ಕಡೆಗೇ ಒಯ್ಯುತ್ತಿದ್ದೆ. ಅವಳು ನೆಲಕ್ಕೆ ಬಿದ್ದಿದ್ದ ಬೋರ್ಡ್ ಎತ್ತಿಕೊಂಡು ನೋಡಿದಳು.

“ಅಕ್ಕಾ, ಇದರಾಗ ಎಲ್ಲಾ ಬೇಕು ಅನ್ನೋದೇ ಅದ. ಬ್ಯಾಡ ಅಂತ ಅವ್ರು ಹ್ಯಾಂಗ ಹೇಳ್ಬೇಕು?”

ಚಮಚವನ್ನು ಬಟ್ಟಲಿಗೆ ಇಳಿಸಿದೆ. ಎಷ್ಟು ಉಣ್ಣಬೇಕು, ಯಾವಾಗ ಮೈ ತೊಳೆಯಬೇಕು, ಮಂಚದ ಸುತ್ತ ನಿಂತು ಯಾರು ಅಳಬೇಕು, ಎಲ್ಲವನ್ನೂ ನಾವೇ ಗೊತ್ತು ಮಾಡುತ್ತಿದ್ದೆವು. ಬೆಲೆ ಹಿಡಿಸದಿದ್ದರೆ ಎಂಥವರಿಗೂ ಒಲ್ಲೆ ಎಂದು ಎದ್ದು ಬರುತ್ತಿದ್ದ ಮನುಷ್ಯನಿಗೆ ನಾನು ಆ ಒಂದು ಮಾತನ್ನು ಇಟ್ಟಿರಲಿಲ್ಲ.

ಬೋರ್ಡಿನ ಮೇಲೆ ಕೆಂಪು ಬಟ್ಟೆಯ ತುಂಡೊಂದನ್ನು ಹೊಲಿದು ಕೂರಿಸಿದೆ. ಬಟ್ಟಲನ್ನು ದೂರ ಸರಿಸಿ, ಆ ಕೆಂಪಿನ ಮೇಲೆ ಅವರ ಕೈಯಿಟ್ಟು, “ಇದು ಬ್ಯಾಡ” ಎಂದು ಮತ್ತೆ ಮತ್ತೆ ತೋರಿಸಿದೆ.

ಆಮೇಲೆ ಎಲ್ಲವೂ ಬೇಡವಾಯಿತು. ಗಂಜಿ ಬೇಡ, ಸ್ನಾನ ಬೇಡ, ಅಳುತ್ತ ಬಂದ ಅವರ ತಂಗಿಯೂ ಬೇಡ. ಗುಳಿಗೆ ಬೇಡ ಎಂದಾಗ ಕೈಮುಗಿದು ಬೇಡಿಕೊಂಡು ನುಂಗಿಸಿದೆ. ನುಂಗಿದರು, ಕಣ್ಣೀರಿಟ್ಟರು. ನನಗೂ ಸಾಕಾಗಿ ಹೋಗಿತ್ತು.

“ಹಂಗಾದ್ರ ಈ ಬೋರ್ಡೂ ಬ್ಯಾಡಲ್ರಿ? ತಗದು ಒಲಿಗೆ ಹಾಕ್ತೇನಿ,” ಎಂದು ಹಗ್ಗ ಬಿಚ್ಚಲು ಹೋದೆ.

ಅವರ ಎಡಗೈ ನಿಧಾನವಾಗಿ ಬಂತು. ಕೆಂಪು ಬಟ್ಟೆಯ ಮೇಲೆ ಕೂತಿತು. ಅಲ್ಲಿಂದ ಸರಿಯಲಿಲ್ಲ.

ಒಲೆಗೆ ಹಾಕುವುದು ಬೇಡ ಅಂದಿದ್ದರು. ಹಗ್ಗವನ್ನು ಮತ್ತೆ ಬಿಗಿದೆ.

ಮಾತು ಇನ್ನೂ ಬಂದಿಲ್ಲ. ಬರುತ್ತದೆಂದು ನಾನೀಗ ಯಾರಿಗೂ ಹೇಳುವುದಿಲ್ಲ. ಎತ್ತು ಕೇಳಿಕೊಂಡು ಬರುವವರು ಬಾಗಿಲಿನಿಂದಲೇ ಹೊರಳಿ ಹೋಗುತ್ತಾರೆ. ಊಟ ತಂದಾಗ ಮೊದಲು ಬೋರ್ಡಿನ ಕಡೆ ನೋಡಿ ಕಾಯುತ್ತೇನೆ. ಕೈ ಕೆಂಪಿಗೆ ಹೋದರೆ ಬಟ್ಟಲು ಕೆಳಗಿಟ್ಟು ಅವರ ಪಕ್ಕ ಸುಮ್ಮನೆ ಕೂರುತ್ತೇನೆ. ನಿನ್ನೆ ಕೈ ಕೆಂಪಿಗೆ ಹೋಗಲಿಲ್ಲ. ಅರ್ಧ ರೊಟ್ಟಿ ಉಂಡರು.